ಕಿಟಕಿಯೊಳಗೆ ಬಿದ್ದ ಟವೆಲ್

ಅರಸೀಕೆರೆ ನಿಲ್ದಾಣದಲ್ಲಿ ಬೇಲೂರಿನ ಬಸ್ಸು ನಿಲ್ಲುವ ಮೊದಲೇ ನಾನು ಓಡಿಹೋಗಿ ಕಿಟಕಿಯೊಳಗೆ ಟವೆಲ್ ಎಸೆದೆ. ಅದು ಕಂಬಿಗೆ ಬಡಿದು ನನ್ನ ಮುಖದ ಮೇಲೇ ಬಿತ್ತು. ಜೊತೆಗಿದ್ದ ಗೆಳತಿಯರಿಬ್ಬರೂ ಬಿದ್ದು ಬಿದ್ದು ನಕ್ಕರು. ನಗಲಿ ಬಿಡಿ ಎಂದು ಸೆರಗು ಸಿಕ್ಕಿಸಿ, ಎಗರಿ ಮತ್ತೆ ಎಸೆದೆ. ಈ ಸಲ ಮೂರು ಜನರ ಸೀಟಿನ ಮೇಲೆ ಸರಿಯಾಗಿ ಬಿತ್ತು. ಇಷ್ಟು ವರ್ಷ ಹೀಗೆ ಸೀಟು ಹಿಡಿಯುತ್ತಿದ್ದವರು ನಮ್ಮ ಯಜಮಾನರು. ನಿವೃತ್ತಿಯ ನಂತರ ಗಂಡಂದಿರನ್ನು ಮನೆಯಲ್ಲೇ ಬಿಟ್ಟು, ಬೇಲೂರು, ಹಳೇಬೀಡು ನೋಡಲು ನಾವು ಮೂವರೇ ಹೊರಟ ಮೊದಲ ಪ್ರವಾಸವದು.

ನೂಕುನುಗ್ಗಲಿನಲ್ಲಿ ಹತ್ತಿ ನೋಡಿದರೆ, ಯುವಕನೊಬ್ಬ ನಮ್ಮ ಸೀಟಿನಲ್ಲಿ ಕುಳಿತು ಟವೆಲ್ಲನ್ನು ಪಕ್ಕಕ್ಕೆ ಎಸೆಯಲು ಹೊರಟಿದ್ದ. ಹಿಂದಿನ ಸೀಟಿನ ಅಜ್ಜಿಯೊಬ್ಬರು ಅದರ ತುದಿಯನ್ನು ಬಿಗಿಯಾಗಿ ಹಿಡಿದು ಅವನನ್ನು ಗದರಿಸುತ್ತಿದ್ದರು.

"ಗಂಡಸ್ರು ಹಾಕಿದ್ ಟವಲ್ಲಾಗಿದ್ರೆ ಮುಟ್ತಿದ್ದೇನ್ಲಾ? ಆವಮ್ಮ ಎಗರಿ ಎಗರಿ ಹಾಕೈತೆ. ಏಳ್ಲಾ ಮ್ಯಾಕೆ!"

ಅವನು ತೆಪ್ಪಗೆ ಎದ್ದ. ನಾವು ಮೂವರೂ ಮಹಾರಾಣಿಯರಂತೆ ಕುಳಿತೆವು. ಅಜ್ಜಿ ಗೆಂಡೆಹಳ್ಳಿಯವರಂತೆ. ಟವೆಲ್ಲನ್ನು ಕೊಡವಿ, ನೀಟಾಗಿ ಮಡಚಿ ಕೈಗಿತ್ತು, "ವಾಪಸ್ ಬರೋವಾಗ್ಲೂ ನೀನೇ ಹಾಕವ್ವ" ಎಂದರು. ಸಂಜೆ ಹಳೇಬೀಡಿನಲ್ಲಿ ಹಾಗೆಯೇ ಮಾಡಿದೆ.

ಈ ಕಥೆಯನ್ನು ಮನೆಯಲ್ಲಿ ಅದೆಷ್ಟು ಸಲ ಹೇಳಿದೆನೋ ಗೊತ್ತಿಲ್ಲ. ಮೊನ್ನೆ ಗಂಡ ಹೆಂಡತಿ ಇಬ್ಬರೂ ಹಾಸನಕ್ಕೆ ಹೊರಟಾಗ, ಬಸ್ಸು ಕಂಡ ಕೂಡಲೇ ಯಜಮಾನರು ಹೆಗಲ ಮೇಲಿನ ಟವೆಲ್ ತೆಗೆದು ನನ್ನ ಕೈಗಿಟ್ಟರು. ಒಂದೇ ಎಸೆತಕ್ಕೆ ಒಳಗೆ ಬಿತ್ತು.