ಬಲಗಣ್ಣಿನ ಕೆಳಗಿನ ಸುಳಿ

ಜಟಕಾ ಕುದುರೆಗೂ ವಿಮೆ ಮಾಡಿಸಬಹುದೆಂದು ರಾಮನಗರದ ಜಟಕಾದವರಿಗೆ ಹೇಳಿದ ದೊಡ್ಡ ಮನುಷ್ಯ ನಾನೇ. ಆಗ ನಾನು ಸೋಲೂರಿನಿಂದ ಮೊಪೆಡ್ಡಿನಲ್ಲಿ ಊರೂರು ಸುತ್ತಿ ಹಸುಗಳಿಗೆ ವಿಮೆ ಮಾಡಿಸುತ್ತಿದ್ದ ಏಜೆಂಟು. ಹೆದ್ದಾರಿಯಲ್ಲಿ ಕಾರ್ಖಾನೆಯ ಬಸ್ಸುಗಳು, ಜಲ್ಲಿ ಟಿಪ್ಪರುಗಳು ಹೆಚ್ಚಾಗಿ, ರೇಷ್ಮೆಗೂಡಿನ ಮೂಟೆ ಹೊತ್ತು ಮಾರುಕಟ್ಟೆಗೆ ಹೋಗುವ ಜಟಕಾಗಳು ಮೋರಿಯ ಅಂಚಿಗೆ ಸರಿದಿದ್ದವು. ವಿಮೆ ಎಲ್ಲರಿಗೂ ಬೇಕಿತ್ತು. ಆದರೆ ಕುದುರೆಯ ಕಂತು ಹಸುವಿನದಕ್ಕಿಂತ ಹೆಚ್ಚು. ಕೇಳಿದವರು ಬೀಡಿ ಹಚ್ಚಿಕೊಂಡು ಎದ್ದು ಹೋಗುತ್ತಿದ್ದರು.

ಹತ್ತು ಕುದುರೆ ಒಂದೇ ಪಾಲಿಸಿಗೆ ಸೇರಿದರೆ ಕಂತು ಇಳಿಯುತ್ತದೆ ಎಂದರು ವಿಮಾ ಕಚೇರಿಯಲ್ಲಿ. ಹಲ್ಲುಗಿಂಜಿ, ಟೀ ಕುಡಿಸಿ ಒಂಬತ್ತು ಜನರನ್ನು ಒಪ್ಪಿಸಿದೆ. ಹತ್ತನೆಯವನು ಐವತ್ತು ದಾಟಿದ ಬಡಕಲು ಮನುಷ್ಯ. ಅವನ ಕಂದು ಕುದುರೆಯ ದುಡಿಮೆಯಲ್ಲೇ ಮನೆ ನಡೆಯುತ್ತಿತ್ತು.

"ಒಸಿ ಇತ್ಲಾಗ್ ಬನ್ನಿ ಸಾಮಿ," ಎಂದು ಪಕ್ಕಕ್ಕೆ ಕರೆದು, ಕುದುರೆಯ ಚರ್ಮದ ಕಣ್ಣಪಟ್ಟಿ ಸರಿಸಿದ. ಬಲಗಣ್ಣಿನ ಕೆಳಗೆ ಕೂದಲು ಸುತ್ತಿಕೊಂಡು ಪುಟ್ಟ ಸುಳಿಯಾಗಿತ್ತು. ಕಣ್ಣೀರು ಹರಿಯುವ ಜಾಗದಲ್ಲಿ ಸುಳಿ ಇದ್ದರೆ ಯಜಮಾನನ ಮನೆ ಗುಡಿಸಿ ಗುಂಡಾಂತರವಾಗುತ್ತದೆ ಎಂದು ಅವರ ನಂಬಿಕೆ. "ಇದ್ನ ಬರೀಬ್ಯಾಡಿ. ಗೊತ್ತಾದ್ರೆ ನನ್ ಕುದ್ರೆ ಜೊತೆ ಒಂದೇ ಕಾಗದದಾಗೆ ಯಾರೂ ಸೇರಾಕಿಲ್ಲ."

ನನಗೆ ನಗು ಬಂತು. ಆದರೆ ಅವನ ಮಾತು ನಿಜ. ಹತ್ತು ಕುದುರೆ ಆಗದಿದ್ದರೆ ಯಾರಿಗೂ ಅಗ್ಗವಿಲ್ಲ, ನನಗೆ ಕಮಿಷನ್ನೂ ಇಲ್ಲ. ಹಸುವಿಗಾದರೆ ಕಿವಿಗೆ ಬಿಲ್ಲೆ ಹೊಡೆಯುತ್ತಾರೆ. ಕುದುರೆಗೆ ಮೈಮೇಲಿನ ಮಚ್ಚೆ, ಸುಳಿಗಳೇ ಗುರುತು. ಅದು ಗೊತ್ತಿದ್ದೂ ಫಾರಂನಲ್ಲಿ ಸುಳಿ ಬರೆಯಲಿಲ್ಲ. ಫೋಟೋ ಎಡಮಗ್ಗುಲಿಂದ ತೆಗೆಸಿದೆ. ನನ್ನನ್ನು ನಂಬಿ ಪಶುವೈದ್ಯರು ಸಹಿ ಹಾಕಿದರು.

ಆ ಮಳೆಗಾಲದಲ್ಲೇ ಟಿಪ್ಪರೊಂದು ಅವನ ಜಟಕಾವನ್ನು ಮೋರಿಗೆ ತಳ್ಳಿತು. ಕೈ ಮುರಿದು ಅವನು ಆಸ್ಪತ್ರೆ ಸೇರಿದ. ಕುದುರೆ ಅಲ್ಲೇ ಸತ್ತಿತು. ವಿಮಾ ಕಚೇರಿಯಿಂದ ತನಿಖೆಗೆ ಬಂದ ಅಧಿಕಾರಿ ಮೊದಲು ಕಣ್ಣಪಟ್ಟಿ ಬಿಚ್ಚಿಸಿದರು. ಫಾರಂ ನೋಡಿದರು, ಕುದುರೆ ನೋಡಿದರು.

"ಈ ಸುಳಿ ಕಾಗದದಲ್ಲಿಲ್ಲ. ವಿಮೆ ಮಾಡಿಸಿದ ಕುದುರೆ ಇದಲ್ಲ. ಫಾರಂ ತುಂಬಿದ್ದು ನೀವೇ ಅಲ್ವಾ? ಆಗ ಸುಳಿ ಇತ್ತಾ?"

ಇತ್ತು, ಬೇಕೆಂದೇ ಬಿಟ್ಟೆ ಎಂದಿದ್ದರೆ ಅವನಿಗೆ ಪರಿಹಾರ ಸಿಗುತ್ತಿತ್ತೋ ಏನೋ. ನನ್ನ ಏಜೆನ್ಸಿಯಂತೂ ಹೋಗುತ್ತಿತ್ತು. "ನಾನು ನೋಡಿಲ್ಲ ಸಾರ್," ಎಂದೆ. ನನ್ನ ಬಾಯಿಗೆ ಹುಳ ಬೀಳ!

ಪರಿಹಾರ ಇಲ್ಲವೆಂಬ ಕಾಗದ ಬಂದ ದಿನ ಅವನ ಮನೆಗೆ ಹೋದೆ. ಬೈದರೆ ಬೈಸಿಕೊಂಡು ಹಗುರಾಗೋಣ ಎಂಬ ಸ್ವಾರ್ಥ. ಅವನ ಹೆಂಡತಿ ಕುಡಿಯಲು ನೀರು ಕೊಟ್ಟಳು. ಅವನು ಪಟ್ಟಿ ಕಟ್ಟಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ನನ್ನನ್ನೇ ಸಮಾಧಾನ ಮಾಡತೊಡಗಿದ.

"ನೀವು ಇದ್ದುದ್ನ ಇದ್ದಂಗೆ ಹೇಳೇ ಹೇಳಿರ್ತೀರಿ. ಅವ್ರು ಕೇಳ್ನಿಲ್ಲ ಅಂದ್ರೆ ನೀವೇನ್ ಮಾಡೀರಿ ಬುಡಿ. ಇಂತಾ ಸುಳಿ ಇರೋ ಕುದ್ರೆ ಕಟ್ಬ್ಯಾಡ ಕಣ್ಲಾ ಅಂತ ನಮ್ಮಪ್ಪ ಆವತ್ತೇ ಬಡ್ಕೊಂಡಿದ್ದ. ಎಲ್ಲಾ ಅದರದ್ದೇ ಕೆಲ್ಸ. ಅಲ್ವಾ ಸಾಮಿ?"

ಸುಳಿ, ಶಕುನ ಯಾವುದನ್ನೂ ನಂಬದ ನಾನು ನೀರಿನ ಲೋಟ ಕೆಳಗಿಟ್ಟು, "ಹೂಂ ಕಣಣ್ಣ, ಆ ಸುಳೀದೇ," ಎಂದೆ.