ಮುಚ್ಚಳದ ಕಾಕಾ

ಹುಮನಾಬಾದಿನ ನಮ್ಮ ಕಾಲೇಜಿನ ಲ್ಯಾಬ್ ಸಹಾಯಕರನ್ನು ನಾವೆಲ್ಲ ಕಾಕಾ ಎನ್ನುತ್ತಿದ್ದೆವು. ದಿನವೂ ಬಸವಕಲ್ಯಾಣದಿಂದ ಮೊದಲ ಬಸ್ಸಿಗೆ ಬರುತ್ತಿದ್ದರು. ತೆರೆದಿಟ್ಟದ್ದೇನು ಕಂಡರೂ ಅವರಿಗೆ ತಡೆಯುತ್ತಿರಲಿಲ್ಲ. ನೀರಿನ ಬಾಟಲಿಯಿರಲಿ, ಊಟದ ಡಬ್ಬಿಯಿರಲಿ, ಪಕ್ಕದಲ್ಲಿ ಎರಡು ಬೆರಳಿನಿಂದ ಟಕಟಕ ತಟ್ಟಿ, "ಮುಚ್ಚಳ ಎಲ್ಲದ?" ಎಂದು ಕೇಳುತ್ತಿದ್ದರು. ಮುಚ್ಚುವವರೆಗೂ ಅಲ್ಲಿಂದ ಕದಲುತ್ತಿರಲಿಲ್ಲ.

ಕೊನೆಯ ವರ್ಷ ನಮ್ಮ ಪ್ರಾಜೆಕ್ಟ್ ತೆಳು ಅಲ್ಯೂಮಿನಿಯಂ ಹಾಳೆಯದು. ಹಾಳೆಗೆ ಕಪ್ಪು ಬಣ್ಣ ಬಳಿದು, ಹೂವು ಕೊರೆದ ಅಚ್ಚಿನ ಮೇಲಿಟ್ಟು, ಲೇಸರ್ ಬೆಳಕನ್ನು ಒಮ್ಮೆ ಹೊಡೆಯಬೇಕು. ಬಣ್ಣ ಆವಿಯಾಗಿ ಸಿಡಿದು ಹಾಳೆಯನ್ನು ಅಚ್ಚಿನೊಳಕ್ಕೆ ಗುದ್ದುತ್ತದೆ. ಕಣ್ಣು ಮಿಟುಕಿಸುವುದರೊಳಗೆ ಹೂವು ಮೂಡುತ್ತದೆ. ಆದರೆ ಪರೀಕ್ಷೆಯ ದಿನ ಮೂರು ಸಲ ಹೊಡೆದರೂ ಹಾಳೆ ಸಪಾಟಾಗಿಯೇ ಇತ್ತು. ಹೊರಗಿನಿಂದ ಬಂದ ಪರೀಕ್ಷಕರು ಗಡಿಯಾರ ನೋಡಿ, "ಇನ್ನೊಂದೇ ಸಲ" ಎಂದರು.

ಕಾಕಾ ತಮ್ಮ ಚಷ್ಮಾದ ಮೇಲೆ ಲೇಸರ್ ಕನ್ನಡಕ ಏರಿಸಿಕೊಂಡು, ಬಗ್ಗಿ ನೋಡಿ, ಮೇಜನ್ನು ಟಕಟಕ ತಟ್ಟಿದರು.

"ಮುಚ್ಚಳ ಎಲ್ಲದ?"

ಆವಿ ಮೇಲಕ್ಕೆ ಹಾರದಂತೆ ಹಾಳೆಯ ಮೇಲಿಡುವ ಗಾಜನ್ನು ತೊಳೆದು, ಕಿಟಕಿಯಲ್ಲಿ ಒಣಗಲಿಟ್ಟು ಮರೆತವಳು ನಾನೇ.

"ಮುಚ್ಚದಿದ್ರ ಕುಕ್ಕರ್ ಸೀಟಿ ಹೊಡೀತದೇನು ಬೇಟಾ?" ಎನ್ನುತ್ತ ಕಾಕಾ ಅದನ್ನು ತಂದುಕೊಟ್ಟರು.

ಗಾಜು ಇಟ್ಟು ಹೊಡೆದೆ. ಟಪ್ ಎಂದಿತು. ಹಾಳೆ ಎತ್ತಿದರೆ ಐದೆಸಳಿನ ಹೂವು. ನಾವೆಲ್ಲ ಅದರ ಮೇಲೆ ಮುಗಿಬಿದ್ದೆವು. ಕಾಕಾ ಮಾತ್ರ ಇತ್ತ ತಿರುಗಲೂ ಇಲ್ಲ. ಅಂಕ ಬರೆದು ಪೆನ್ನನ್ನು ಹಾಗೇ ಜೇಬಿಗೆ ಇಳಿಸುತ್ತಿದ್ದ ಪರೀಕ್ಷಕರ ಎದುರು ನಿಂತು ಮೇಜು ತಟ್ಟುತ್ತಿದ್ದರು.

"ಸರ್, ಮುಚ್ಚಳ ಎಲ್ಲದರಿ?"