‘ಬೈ’ ಆದ ಮೇಲೆ ಬರುವ ಹೆಸರು

ಬೆಕ್ಕು ಇಲಿಯನ್ನು ಕೊಂದಿತು. ಇಲಿ ಬೆಕ್ಕಿನಿಂದ ಕೊಲ್ಲಲ್ಪಟ್ಟಿತು. ಆಕ್ಟಿವ್ ವಾಯ್ಸನ್ನು ಪ್ಯಾಸಿವ್ ವಾಯ್ಸಿಗೆ ಬದಲಿಸುವ ಈ ಪಾಠವನ್ನು ಹೈಸ್ಕೂಲಿನಲ್ಲಿ ಎಷ್ಟು ವರ್ಷದಿಂದ ಹೇಳುತ್ತಿದ್ದೇನೋ, ಆ ಇಲಿಯ ಮೇಲೆ ನನಗೀಗ ಕನಿಕರವೂ ಉಳಿದಿಲ್ಲ. ಹಾಡಿದ್ದೇ ಹಾಡೋ ಕಿಸಬಾಯಿ ದಾಸ ಅಂತಾರಲ್ಲ, ಆ ದಾಸ ನಾನೇ. ಮಕ್ಕಳು ಎರಡು ಪದ ಅದಲುಬದಲು ಮಾಡಿ, ಇಲಿಯೇ ಬೆಕ್ಕನ್ನು ಕೊಂದಿತು ಎಂದು ಬರೆದು ಆಟಕ್ಕೆ ಓಡುತ್ತವೆ. ಅವರದೇನು ತಪ್ಪು? ನಮ್ಮ ಕಡೆ ಯಾರು ಹಾಗೆ ಮಾತಾಡುತ್ತಾರೆ? ‘ನನ್ನಿಂದ ರೊಟ್ಟಿ ತಿನ್ನಲ್ಪಟ್ಟಿತು’ ಅಂದರೆ ಮನೆಯವರು ಹಣೆ ಮುಟ್ಟಿ ಜ್ವರ ನೋಡುತ್ತಾರೆ.

ಬೈಲಹೊಂಗಲದಲ್ಲಿ ಬಸ್ಸು ಹತ್ತಿ ಯರಗಟ್ಟಿ ಆಚೆಗಿನ ಹಳ್ಳಿಗೆ ಹೋಗಿ ಬರುವುದರಲ್ಲೇ ನನ್ನ ಸೊಂಟ ಹೋಗಿದೆ. ಹೋದ ವರ್ಷ ಒಂದು ಸಂಜೆ, ಶಾಲೆ ಬಿಟ್ಟು ಚೀಲ ಹೆಗಲಿಗೆ ಹಾಕಿಕೊಂಡಿದ್ದೆ. ಆ ಊರಿನ ಅಂಗನವಾಡಿಯ ಆಯಾ ಬಂದು ಬಾಗಿಲಲ್ಲಿ ನಿಂತಳು. ಒಂಬತ್ತನೇ ತರಗತಿಯಲ್ಲಿ ನನ್ನ ಹತ್ತಿರವೇ ಕಲಿಯುವ ಮಗಳೂ ಜೊತೆಗಿದ್ದಳು.

“ಅಕ್ಕಾರ, ನಂದು ಎಸ್ಸೆಸ್ಸೆಲ್ಸಿ ಇಂಗ್ಲಿಷ್ ಒಂದ ಉಳದೈತ್ರಿ. ನಮ್ಮ ಟೀಚರ್ ರಿಟೈರ್ ಆಗಾಕ ಹತ್ಯಾರ. ಪಾಸಾದ್ರ ಆ ಜಾಗಾ ನನಗ ಸಿಗತೈತಿ. ಇಲ್ಲಂದ್ರ ಹೊರಗಿಂದ ಯಾರರೆ ಬರತಾರ, ನಾ ಕಡೀತನಕ ಭಾಂಡೆ ತಿಕ್ಕೂದ.”

ನಾಳೆ ಬಾ ಎಂದು ಸಾಗಹಾಕಬೇಕೆಂದಿದ್ದೆ. ನಾಳೆಯೂ ಬರುವವಳೇ ಎಂದು ಮುಖ ನೋಡಿದರೆ ತಿಳಿಯುತ್ತಿತ್ತು. ಮನಸ್ಸಿನಲ್ಲೇ ಗೊಣಗುತ್ತ ಚೀಲ ಕೆಳಗಿಟ್ಟೆ.

ಪದ್ಯ ಅವಳಿಗೆ ಬಾಯಿಪಾಠ ಆಗಲಿಲ್ಲ, ಪತ್ರ ಬರೆಯಲು ಬರಲಿಲ್ಲ. ಕೈಗೆ ಹತ್ತುವ ಅಂಕ ಎಂದರೆ ವ್ಯಾಕರಣದ್ದು ಮಾತ್ರ. ಅದನ್ನು ದಿನಾ ಸಂಜೆ ಬಂದು ಹಟ ಹಿಡಿದು ಕಲಿತಳು. ಮಾಡಿದವನನ್ನು ವಾಕ್ಯದ ಕೊನೆಗೆ ಕಳಿಸು, ಅವನ ಹೆಸರಿಗಿಂತ ಮೊದಲು ಇಂಗ್ಲಿಷಿನ ‘ಬೈ’ ಹಚ್ಚು ಎಂದು ಒಮ್ಮೆ ಹೇಳಿದ್ದಕ್ಕೆ ಪುಟಗಟ್ಟಲೆ ಬರೆದು ತಂದಳು. ಆದರೆ ಒಂದು ವಾಕ್ಯ ಮಾತ್ರ ಪ್ರತಿಸಲವೂ ಖಾಲಿ. ಬೇರೆ ಹಾಳೆ ಕೊಟ್ಟು ಬರೆಸಿದರೂ ಅದೇ ವಾಕ್ಯ ಖಾಲಿ. ನನ್ನ ತಾಳ್ಮೆ ಮೊದಲೇ ಅಷ್ಟಕ್ಕಷ್ಟೇ.

“ಉಳದದ್ದೆಲ್ಲಾ ಬರತೈತಿ, ಇದೊಂದ ಯಾಕ ಬಿಟ್ಟಿಯವ್ವಾ?” ಎಂದು ಗದರಿದೆ.

ಅವಳು ಸೆರಗು ಬಾಯಿಗೆ ಹಿಡಿದು ತಲೆ ಬಗ್ಗಿಸಿದಳು. ಮಗಳು ಕಿಸಕ್ಕನೆ ನಕ್ಕಳು. “ಅಕ್ಕಾರ, ಅದು ನಮ್ಮಪ್ಪನ ಹೆಸರರಿ!”

ಪುಸ್ತಕದ ಆ ವಾಕ್ಯದಲ್ಲಿ ಅದೇ ಹೆಸರಿನವನೊಬ್ಬ ಕಿಟಕಿ ಒಡೆದಿದ್ದ. ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆ ಎಂಬುದು ನಮ್ಮ ಕಡೆಯ ನಂಬಿಕೆ. ಮದುವೆ, ಸೀಮಂತದ ಕುಬಸಗಳಲ್ಲಿ ಹೆಂಗಸರು ಬಾಗಿಲು ಅಡ್ಡಗಟ್ಟಿ ಗಂಡನ ಹೆಸರು ಹೇಳೆಂದು ಕಾಡಿದಾಗ ಒಂದು ಒಡಪು ಕಟ್ಟಿ, ಅದರೊಳಗೆ ಹೆಸರು ಮುಚ್ಚಿಟ್ಟು ಹೇಳಿ ಒಳಗೆ ಓಡುವುದುಂಟು. ನಾನೇನು ಹೆಚ್ಚಿನವಳಲ್ಲ, ರೇಷನ್ ಅಂಗಡಿಯಲ್ಲಿ ಯಜಮಾನರ ಹೆಸರು ಕೇಳಿದಾಗ ಮಗನನ್ನು ಮುಂದೆ ತಳ್ಳಿದವಳು. ಆದರೆ ಬರೆಯಲೂ ಹೆದರುವವಳನ್ನು ಮೊದಲ ಸಲ ನೋಡಿದೆ. ಓಣಿಗೊಬ್ಬನಿಗೆ ಇರುವ ಹೆಸರು ಅದು. ಪರೀಕ್ಷೆಯಲ್ಲಿ ಬಂದರೆ ಒಂದು ಅಂಕ ಹೋಯಿತೆಂದೇ ಲೆಕ್ಕ, ಮತ್ತು ಅವಳು ಒಂದು ಅಂಕವನ್ನೂ ಕಳೆದುಕೊಳ್ಳುವ ಸ್ಥಿತಿಯಲ್ಲಿರಲಿಲ್ಲ.

“ಬಾಯಿಲೆ ಅನಬ್ಯಾಡ, ಬರೇ ಬರಿ,” ಎಂದೆ.

“ಬರದ್ರೂ ಮನಸಿನ್ಯಾಗ ಅಂದಂಗ ಆತಲ್ರಿ.”

ಅಷ್ಟರಲ್ಲಿ ಅವಳ ಗಂಡ ಇಬ್ಬರನ್ನೂ ಕರೆದೊಯ್ಯಲು ಬಂದು ಗಾಡಿ ನಿಲ್ಲಿಸಿದ. ಗೌಂಡಿ ಕೆಲಸದವನು, ಕೈಗೆ ಮೆತ್ತಿದ ಸಿಮೆಂಟು ಇನ್ನೂ ಹೋಗಿರಲಿಲ್ಲ. ಮಗಳು ಓಡಿಹೋಗಿ ಎಲ್ಲ ಊದಿದಳು. ಅವನು ಕಿಟಕಿಯ ಸರಳು ಹಿಡಿದು ನಗತೊಡಗಿದ.

“ಬರಿ, ಬರಿ. ನಿನ್ನ ಪೆನ್ನಿಗೆ ನಾ ಸಾಯಂಗಿಲ್ಲ.”

“ಬಿಡ್ತು ಅನ್ರಿ ಮೊದಲ!” ಅವಳ ಕಣ್ಣಲ್ಲಿ ನೀರೇ ಬಂತು. ಅವನು ನಗು ನಿಲ್ಲಿಸಿ “ಬಿಡ್ತು” ಅಂದ. ಕೈಯ ಸಿಮೆಂಟು ಉಜ್ಜಿಕೊಳ್ಳುತ್ತ, “ನೀ ಪಾಸಾಗೂದ ನೋಡಬೇಕಲ್ಲ ನಾ, ಅದರ ಮೊದಲ ಎಲ್ಲಿ ಹೋಗ್ಲಿ?” ಅಂದ.

ಅವಳು ತಾಳಿ ಕಣ್ಣಿಗೊತ್ತಿಕೊಂಡು, ಎಡಗೈಯಿಂದ ಹಾಳೆ ಮರೆಮಾಡಿ ಬರೆದಳು. ಒಂದು ಅಕ್ಷರವೂ ತಪ್ಪಿರಲಿಲ್ಲ.

ಪಾಸಾದಳು, ಅಂಚಿನಲ್ಲಿ. ಕೆಲವು ತಿಂಗಳಿಗೆ ಟೀಚರ್ ಕೆಲಸದ ಆರ್ಡರೂ ಬಂತು. ಎಷ್ಟೋ ದಿನದ ಮೇಲೆ ನನಗೂ ಒಂದು ಕೆಲಸ ಕೈಗೂಡಿದಂತಾಗಿ, ಒಂದು ಮುಂಜಾನೆ ಅಂಗನವಾಡಿ ಕಡೆ ಹೋದೆ. ಹೊಸ ಟೀಚರ್ ಕಸಬರಿಗೆ ಹಿಡಿದು ಅಂಗಳ ಗುಡಿಸುತ್ತಿದ್ದಳು.

“ಹೊಸಾ ಆಯಾ ಎಲ್ಲೆವ್ವಾ?”

“ಇನ್ನಾ ಯಾರನೂ ಕೊಟ್ಟಿಲ್ರಿ. ಅಲ್ಲೀತನಕ ಎರಡೂ ಕೆಲಸ ನಂದ.”

ಇದಕ್ಕಾಗಿಯೇ ಇವಳನ್ನು ಅಷ್ಟು ಗೋಳು ಹೊಯ್ದುಕೊಂಡೆನೇ ಎಂದು ನನ್ನನ್ನೇ ಬೈದುಕೊಂಡೆ. ಅವಳು ಟೀಚರಿನ ಖುರ್ಚಿಯನ್ನು ಸೆರಗಿನಿಂದ ಒರೆಸಿ, “ಕುಂದರ್ರಿ ಅಕ್ಕಾರ” ಅಂದಳು.

“ನೀ ಕುಂದರು. ನಿನ್ನ ಖುರ್ಚಿ ಅದು.”

“ಇನ್ನಾ ಒಮ್ಮೀನೂ ಕುಂತಿಲ್ರಿ,” ಎಂದು ನಾಚಿದಳು. “ಹೊತ್ತ ಸಿಕ್ಕಿಲ್ಲ.”

ಕಸಬರಿಗೆ ಕಸಿದುಕೊಂಡು, ಭುಜ ಹಿಡಿದು ಕೂರಿಸಿದೆ. ಮಕ್ಕಳು ಬೆರಗಾಗಿ ನೋಡಿದವು. ಅವಳು ಸೆರಗು ಸರಿಮಾಡಿಕೊಂಡು, ಎರಡೂ ಕೈ ಖುರ್ಚಿಯ ಹಿಡಿಯ ಮೇಲಿಟ್ಟಳು. ಒಳಗೆ ಕುಕ್ಕರ್ ಸೀಟಿ ಹೊಡೆಯಿತು. ಎದ್ದು ಓಡಿದಳು.